ಎರಡು ಸಲ ಬಂದ ಸೋದರಮಾವ

ಮಾಲಾಳ ಮದುವೆಗೆ ಒಂದು ವಾರ ಉಳಿದಿರುವಾಗ ಅವಳ ಅಜ್ಜಿ ದುರ್ಗಮ್ಮ ತಾನು ಹಾಡು ಎತ್ತುವುದಿಲ್ಲ ಎಂದುಬಿಟ್ಟರು. ಸಿಟ್ಟಿನಿಂದ ಹೇಳಿದ್ದರೆ ಹೇಗೋ ಸಮಾಧಾನ ಮಾಡಬಹುದಿತ್ತು. ಜಗುಲಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಾ, ಇವತ್ತು ಹಾಲಿನವನು ಬರಲಿಲ್ಲ ಎನ್ನುವಷ್ಟು ತಣ್ಣಗೆ ಹೇಳಿದರು.

"ಸ್ಪೀಕರ್ ಹಾಕ್ಸ್ಕಳ್ಳಿ. ಈಗೆಲ್ಲ ಅದೇ ಅಲ್ದನೇ?"

ಸೊರಬದ ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯಾದರೂ ಹಾಡು ಎತ್ತಲು ದುರ್ಗಮ್ಮನಿಗೆ ಕರೆ ಬರುತ್ತಿತ್ತು. ಅವರು ಒಂದು ಸಾಲು ಎತ್ತಿಕೊಟ್ಟರೆ ಉಳಿದ ಹೆಂಗಸರು ಹಿಡಿದುಕೊಳ್ಳುತ್ತಿದ್ದರು. ಕಂಡವರ ಹೆಣ್ಣುಮಕ್ಕಳನ್ನೆಲ್ಲ ಹಾಡಿ ಹಸೆಗೆ ಕಳಿಸಿದ ಅಜ್ಜಿ, ಮೊಮ್ಮಗಳ ಮದುವೆಯಲ್ಲಿ ಕುರ್ಚಿಯ ಮೇಲೆ ಬಾಯಿ ಮುಚ್ಚಿ ಕೂತಿರುವುದನ್ನು ಮಾಲಾಳಿಗೆ ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ.

ಎಡವಟ್ಟಾದದ್ದು ಗಂಡಿನ ಮನೆಯಲ್ಲಿ ನಡೆದ ವೀಳ್ಯಶಾಸ್ತ್ರದ ದಿನ. ಹುಡುಗ ಪ್ರದೀಪನ ಊರು ಶಿಕಾರಿಪುರ ತಾಲ್ಲೂಕಿನಲ್ಲಿ, ಅಂಬ್ಲಿಗೊಳದ ಹತ್ತಿರ. ಅವನ ಅಜ್ಜಿ ಲೋಕಮ್ಮ ಆ ಕಡೆಗೆ ಹೆಸರಾದ ಹಾಡುಗಾರ್ತಿ. ಊಟವಾದ ಮೇಲೆ ಯಾರೋ, "ಎರಡೂ ಕಡೆಯೋರು ಇದ್ದೀರಿ, ಅರಿಶಿನದ ಹಾಡು ಒಂದ್ಸಲ ಆಗ್ಲಿ" ಎಂದರು. ಇಬ್ಬರೂ ಖುಷಿಯಿಂದಲೇ ಕೂತರು. ನೀರು ತಂದ ಸೊಲ್ಲು ಚೆನ್ನಾಗಿ ಸಾಗಿತು. ಅವರ ಕಡೆ ಹಾಡಿನ ಒಂದೊಂದು ಭಾಗಕ್ಕೂ ಸೊಲ್ಲು ಎನ್ನುತ್ತಾರೆ. ಅದು ಮುಗಿದದ್ದೇ ದುರ್ಗಮ್ಮ ಅರಿಶಿನ ಕುಟ್ಟುವ ಸೊಲ್ಲು ಎತ್ತಿದರು, ಲೋಕಮ್ಮ ಸೋದರಮಾವನ ಸೊಲ್ಲು ಎತ್ತಿದರು. ತಪ್ಪಿದ್ದು ಇನ್ನೊಬ್ಬರು, ಈಗ ಸರಿ ಮಾಡಿಕೊಳ್ಳುತ್ತಾರೆ ಎಂದು ಇಬ್ಬರೂ ದನಿ ಏರಿಸಿದರು. ಹಿಂದಿದ್ದ ಹೆಂಗಸರಲ್ಲಿ ಅರ್ಧ ಜನ ಅತ್ತ, ಅರ್ಧ ಜನ ಇತ್ತ. ಮಕ್ಕಳು ಗೊಳ್ಳೆಂದು ನಕ್ಕವು. ದುರ್ಗಮ್ಮ ಥಟ್ಟನೆ ನಿಲ್ಲಿಸಿಬಿಟ್ಟರು. ಎತ್ತಿದ ಶುಭದ ಹಾಡು ನಡುವೆ ನಿಂತದ್ದು ಅವರ ಬಾಳಿನಲ್ಲಿ ಅದೇ ಮೊದಲು. ವಾಪಸು ಬರುವಾಗ ವ್ಯಾನಿನಲ್ಲಿ ಅವರು ಆಡಿದ್ದು ಒಂದೇ ಮಾತು: "ನನ್ನಿಂದ ಹುಡ್ಗಿಗೆ ಕೆಟ್ಟ ಶಕುನ ಆಯ್ತು."

ಮೊದಲೆಲ್ಲ ಈ ತೊಂದರೆಯೇ ಇರಲಿಲ್ಲ. ಹೆಣ್ಣಿನ ಅರಿಶಿನ ಹೆಣ್ಣಿನ ಮನೆಯಲ್ಲಿ, ಗಂಡಿನದು ಗಂಡಿನ ಮನೆಯಲ್ಲಿ. ಯಾರ ಹಾಡು ಹೇಗಿದೆ ಎಂದು ಇನ್ನೊಬ್ಬರಿಗೆ ಗೊತ್ತಾಗುತ್ತಲೇ ಇರಲಿಲ್ಲ. ಈಗ ಮದುವೆ ಶಿರಾಳಕೊಪ್ಪದ ಕಲ್ಯಾಣಮಂಟಪದಲ್ಲಿ, ಇಬ್ಬರಿಗೂ ಒಂದೇ ವೇದಿಕೆಯ ಮೇಲೆ ಅರಿಶಿನ. ಅದಕ್ಕೆ ಪುರೋಹಿತರು ಮುಕ್ಕಾಲು ಗಂಟೆ ಕೊಟ್ಟಿದ್ದರು.

"ಅಜ್ಜಿ, ನೀನು ನಿಂದು ಪೂರ್ತಿ ಹಾಡು, ಆಮೇಲೆ ಅವರು ಅವರದ್ದು ಪೂರ್ತಿ ಹಾಡ್ಲಿ. ಆಗ್ದ?"

"ಎಂತ ಮಾತು ಅಂತ ಆಡ್ತೀಯೇ? ಒಂದು ಹಾಡು ಆಗದ್ರೊಳಗೆ ಅರ್ಧ ಗಂಟೆ ಹೋಗ್ತದೆ. ಎರಡು ಅಂದ್ರೆ ಹಚ್ಚಿದ ಅರಿಶಿನ ಒಣಗಿ ಉದುರ್ತದೆ."

"ಹಂಗಾದ್ರೆ ಒಂದೆರಡು ಸೊಲ್ಲು ಬಿಟ್ಟು..."

"ಯಾವ್ದು ಬಿಡ್ತೀಯ? ನಾವು ಬಿಡದಾ, ಅವರು ಬಿಡದಾ?"

ಮಾಲಾ ಶಿಕಾರಿಪುರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಎರಡು ಅಕ್ಷರಸಾಲು ಕೊಟ್ಟು, ಎರಡರ ಅಕ್ಷರಗಳೂ ತಮ್ಮ ತಮ್ಮ ಸರದಿ ತಪ್ಪದೆ ಒಳಗಿರುವಂಥ ಅತಿ ಚಿಕ್ಕ ಸಾಲು ಯಾವುದು ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬಿಡಿಸುತ್ತಿದ್ದಳು. ಡೈನಮಿಕ್ ಪ್ರೋಗ್ರಾಮಿಂಗ್ ಎಂಬ ಹೆಸರು ಕೇಳಿಯೇ ಹಿಂದಿನ ಬೆಂಚಿನವರು ಆಕಳಿಸುತ್ತಿದ್ದ ಲೆಕ್ಕ ಅದು. ಆ ದಿನ ಅಜ್ಜಿ ಸುಲಿದಿಟ್ಟ ಬೆಳ್ಳುಳ್ಳಿಯನ್ನು ಒಳಗೆ ತೆಗೆದುಕೊಂಡು ಹೋಗುವಾಗ ಅವಳಿಗೆ ಥಟ್ಟನೆ ಹೊಳೆಯಿತು. ಅಜ್ಜಿ ಕೇಳುತ್ತಿರುವುದೂ ಅದನ್ನೇ ಅಲ್ಲವೇ? ಏನನ್ನೂ ಬಿಡಬಾರದು. ಯಾರ ಸರದಿಯೂ ತಪ್ಪಬಾರದು. ಆದರೂ ಆದಷ್ಟು ಚಿಕ್ಕದಾಗಿರಬೇಕು.

ಅವಳು ಪ್ರದೀಪನಿಗೆ ಫೋನ್ ಮಾಡಿದಳು. ಸಂಜೆಯೊಳಗೆ ಲೋಕಮ್ಮನ ಹಾಡು ವಾಟ್ಸಾಪಿನಲ್ಲಿ ಬಂತು.

ಮಾಲಾ ಅದನ್ನು ಅಜ್ಜಿಯ ಪಕ್ಕದಲ್ಲಿ ಕೂತೇ ಹಾಕಿದಳು. ದುರ್ಗಮ್ಮ ಮುಖ ಆಚೆ ತಿರುಗಿಸಿದರು, ಕಿವಿ ಮಾತ್ರ ಇತ್ತಲೇ ಇತ್ತು. ಲೋಕಮ್ಮನಿಗೆ ಶೀತವಾಗಿತ್ತು, ದನಿ ಒಡೆಯುತ್ತಿತ್ತು. ಆದರೂ ಒಂದೊಂದು ಸೊಲ್ಲಿನ ಕೊನೆಗೆ ನಿಂತು, "ಇದು ಇಲ್ಲಿಗಾತವ್ವ, ಇನ್ನ ಮುಂದಿಂದು" ಎಂದು ಹೇಳಿ, ಕೆಮ್ಮಿ, ಮತ್ತೆ ಶುರು ಮಾಡುತ್ತಿದ್ದರು. ಕೇಳುವವಳಿಗೆ ಗೊಂದಲವಾಗದಿರಲಿ ಎಂದು.

"ಗಂಟ್ಲು ಕಟ್ಟಿದೆ," ಎಂದರು ದುರ್ಗಮ್ಮ. ಹಾಡು ಮುಗಿದ ಮೇಲೆ, "ಆದ್ರೂ ಆರು ಸೊಲ್ಲೂ ಹೇಳಿದ್ಲು ಪಾಪ" ಎಂದು ಸೇರಿಸಿದರು.

ದುರ್ಗಮ್ಮನ ಹಾಡಿನಲ್ಲಿ ಐದು ಸೊಲ್ಲು: ಮೊದಲು ನೀರು, ಆಮೇಲೆ ಅರಿಶಿನ, ಬಳೆ, ಸೋದರಮಾವ, ಕೊನೆಗೆ ಹಸೆ. ಲೋಕಮ್ಮನ ಹಾಡು ನೀರಿನಿಂದ ಹೊರಟು ನೇರ ಸೋದರಮಾವನ ಹತ್ತಿರ ಹೋಗುತ್ತಿತ್ತು, ಆಮೇಲೆ ಅರಿಶಿನ, ಹೂವು, ಬಳೆ, ಹಸೆ. ಮಾವ ಬಂದು ಕೂರಿಸದೆ ಆ ಕಡೆಯ ಹೆಣ್ಣು ಅರಿಶಿನ ಮುಟ್ಟುವುದಿಲ್ಲ. ಸೊರಬದ ಕಡೆ ಹಾಗಲ್ಲ. ಎಲ್ಲ ಸಿಂಗಾರ ಮುಗಿದ ಮೇಲೆ ಹಸೆಗೆ ಕರೆದುಕೊಂಡು ಹೋಗಲು ಮಾವ ಬರುತ್ತಾನೆ.

ಮರುದಿನ ಭಾನುವಾರ. ಮಾಲಾ ಜಗುಲಿ ಗುಡಿಸಿ ಅಜ್ಜಿಯನ್ನು ಕರೆದಳು. ಆ ಮನೆಯ ಜಗುಲಿಗೆ ಕೆಂಪು ಟೈಲ್ಸ್ ಹಾಸಿತ್ತು, ಚೌಕ ಚೌಕವಾಗಿ. ಲ್ಯಾಪ್‌ಟಾಪಿನಲ್ಲಾದರೆ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬರುತ್ತಿತ್ತು. ಆದರೆ ಕಂಪ್ಯೂಟರ್ ಹೇಳಿತು ಎಂದರೆ ಅಜ್ಜಿ ಎದ್ದು ಹಿತ್ತಿಲಿಗೆ ಹೋಗುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

ಜಗುಲಿಯ ಎಡ ಅಂಚಿನುದ್ದಕ್ಕೆ ಮೇಲಿನಿಂದ ಕೆಳಗೆ ಅಜ್ಜಿಯ ಹಾಡು: ಒಂದು ಲೋಟ ನೀರು, ಒಂದು ಅರಿಶಿನದ ಕೊಂಬು, ಒಂದು ಬಳೆ, ಸೋದರಮಾವ ಗುತ್ಯಪ್ಪನ ಟವೆಲ್, ಹಸೆಗೆ ಒಂದು ಹಿಡಿ ಅಕ್ಕಿ. ಮೇಲಿನ ಅಂಚಿಗೆ ಲೋಕಮ್ಮನ ಹಾಡು. ಅಲ್ಲಿಗೂ ಲೋಟ, ಕೊಂಬು, ದಾಸವಾಳದ ಹೂವು, ಬಳೆ, ಅಕ್ಕಿ ಸಿಕ್ಕಿದವು. ಇನ್ನೊಬ್ಬ ಮಾವನಿಗೆ ಏನೂ ಸಿಗದೆ, ಗುತ್ಯಪ್ಪನ ಕನ್ನಡಕದ ಡಬ್ಬಿಯನ್ನೇ ಲೋಟದ ಪಕ್ಕಕ್ಕೆ ತಂದಿಟ್ಟಳು.

ಮಾಲಾಳ ಅಮ್ಮ ಶ್ರೀಲತಾ ಒಳಗಿನಿಂದ ಸೌಟು ಹಿಡಿದುಕೊಂಡೇ ಬಂದರು. ದುರ್ಗಮ್ಮನ ಮಗಳು ಆಕೆ, ತಾಯಿಗಿಂತ ಅವಸರ.

"ಇದಕ್ಕೆಂತಕ್ಕೆ ಇಷ್ಟೆಲ್ಲ? ಜಗಳ ಆಗಿದ್ದು ಮಾವನ ಸೊಲ್ಲಿನ ಹತ್ರ. ಮೊದ್ಲು ಆ ಮಾವನ್ನ ಮಾವನ ಜೊತೆ ಸೇರ್ಸಿಬಿಡಿ. ಉಳಿದಿದ್ದು ತಾನಾಗೇ ಕೂತ್ಕಳ್ತದೆ."

"ಸರಿ, ನೋಡನ," ಎಂದಳು ಮಾಲಾ. "ಮಾವ ಒಂದೇ ಸಲ. ಅವನಿಗಿಂತ ಮೊದ್ಲು ನಮ್ಮ ಅರಿಶಿನ, ನಮ್ಮ ಬಳೆ ಆಗ್ಬೇಕು. ಅವನು ಬಂದಾದ್ಮೇಲೆ ಅವರ ಅರಿಶಿನ, ಹೂವು, ಬಳೆ ಆಗ್ಬೇಕು. ನೀರು, ಹಸೆ ಸೇರಿದ್ರೆ ಅಲ್ಲಿಗೆ ಎಂಟು ಸೊಲ್ಲು. ಅರಿಶಿನ ಎರಡು ಸಲ, ಬಳೆ ಎರಡು ಸಲ."

ದುರ್ಗಮ್ಮ ಮೊದಲ ಸಲ ನಕ್ಕರು. "ಎರಡು ಸಲ ಅರಿಶಿನ, ಎರಡು ಸಲ ಬಳೆ! ಎರಡು ಮದ್ವೆ ಮಾಡ್ತೀಯನೇ ಇವಳಿಗೆ? ಹೋಗು, ನಿನ್ನ ಸಾರು ಉಕ್ಕಿರ್ತದೆ ನೋಡು."

ಸಾರು ಉಕ್ಕಿಯೇ ಇತ್ತು. ಶ್ರೀಲತಾ ಓಡಿದರು.

"ಅಮ್ಮ ಮಾಡಿದ ಹಾಗೇ ನನ್ನ ಹುಡುಗರೂ ಮಾಡ್ತಾರೆ, ಅಜ್ಜಿ. ಕಣ್ಣಿಗೆ ಬಿದ್ದಿದ್ದನ್ನ ಮೊದಲು ಜೋಡಿಸಿ ಆಮೇಲೆ ಒದ್ದಾಡ್ತಾರೆ," ಎಂದಳು ಮಾಲಾ. "ನಾವು ಸಣ್ಣದ್ರಿಂದ ಶುರು ಮಾಡನ. ಈ ಒಂದೊಂದು ಚೌಕವೂ ಒಂದು ಪ್ರಶ್ನೆ. ನಿನ್ನ ಹಾಡಲ್ಲಿ ಇಲ್ಲಿವರೆಗೆ, ಅವರ ಹಾಡಲ್ಲಿ ಇಲ್ಲಿವರೆಗೆ. ಎರಡನ್ನೂ ಮುಗಿಸಕ್ಕೆ ಕಮ್ಮಿ ಅಂದ್ರೆ ಎಷ್ಟು ಸೊಲ್ಲು ಬೇಕು? ಅಷ್ಟು ಹುಣಸೆ ಬೀಜ ಇಡದು."

ಚೆನ್ನೆಮಣೆಯ ಆಟಕ್ಕೆಂದು ಕೂಡಿಟ್ಟ ಹುಣಸೆ ಬೀಜದ ಡಬ್ಬಿ ಆ ಮನೆಯಲ್ಲಿತ್ತು. ಅಂಚಿನ ಚೌಕಗಳು ಸುಲಭವಾಗಿದ್ದವು. ಒಬ್ಬರು ಬಾಯೇ ತೆರೆಯದಿದ್ದರೆ ಇನ್ನೊಬ್ಬರು ಹಾಡಿದಷ್ಟೇ ಲೆಕ್ಕ: ಒಂದು, ಎರಡು, ಮೂರು. ಲೋಟಕ್ಕೆ ಲೋಟ ಎದುರಾದ ಚೌಕಕ್ಕೆ ಬಂದಾಗ ಮಾಲಾ ಕೇಳಿದಳು, "ನಿಂದೂ ನೀರು, ಅವರದ್ದೂ ನೀರು. ಇಲ್ಲಿ ಎಷ್ಟು?"

"ಒಂದೇ. ಇಬ್ರೂ ಒಟ್ಟಿಗೆ ಹಾಡಿದ್ರಾಯ್ತಲ್ಲ."

"ಅಷ್ಟೇ. ಎರಡು ಕಡೆನೂ ಒಂದೇ ಸೊಲ್ಲು ಬಂದ್ರೆ, ಅದು ಬರೋ ಮುಂಚೆ ಎಷ್ಟಿತ್ತೋ ಅದಕ್ಕೆ ಒಂದು ಸೇರಿಸದು. ಮುಂಚಿನ ಲೆಕ್ಕ ಓರೆಯಾಗಿ ಹಿಂದಿನ ಚೌಕದಲ್ಲಿ ಇರ್ತದೆ. ಬೇರೆ ಬೇರೆ ಸೊಲ್ಲು ಆದ್ರೆ ಯಾರಾದ್ರೂ ಒಬ್ರು ಕೊನೇಲಿ ಹಾಡ್ಬೇಕು. ಆಗ ಮೇಲಿನ ಚೌಕ, ಎಡಗಡೆ ಚೌಕ ಎರಡೂ ನೋಡಿ ಯಾವ್ದು ಕಮ್ಮಿಯೋ ಅದಕ್ಕೆ ಒಂದು."

ದುರ್ಗಮ್ಮ ಎರಡನೆಯ ಸಾಲನ್ನು ಮೊಮ್ಮಗಳ ಜೊತೆ ತುಂಬಿದರು. ಮೂರನೆಯ ಸಾಲಿಗೆ ಬರುವಾಗ ಡಬ್ಬಿಯನ್ನು ತಮ್ಮ ಮಡಿಲಿಗೇ ಎಳೆದುಕೊಂಡರು. ಮೇಲೆ ನೋಡಿ, ಎಡಕ್ಕೆ ನೋಡಿ, ಬೀಜ ಇಟ್ಟು, ಮುಂದಕ್ಕೆ ಸರಿಯುತ್ತಿದ್ದರು. ಎಲ್ಲಾದರೂ ಸಂಶಯ ಬಂದರೆ ಮೊದಲಿನಿಂದ ಹಾಡಿಕೊಳ್ಳಲು ಹೋಗುತ್ತಿದ್ದರು.

"ಹಿಂದಕ್ಕೆ ಹೋಗ್ಬೇಡ ಅಜ್ಜಿ. ಅದು ಆಗ್ಲೇ ಆಗಿದೆ. ಬೀಜ ಎಣಿಸಿದ್ರೆ ಸಾಕು."

"ಅಂದ್ರೆ ಪೂರಾ ಹಾಡಿನ ಚಿಂತೆ ಈಗ್ಲೇ ಬೇಡ."

"ಬೇಡ. ಪಕ್ಕದ ಮೂರು ಚೌಕ ಸರಿಯಾಗಿದ್ರೆ ಇದೂ ಸರಿಯಾಗ್ತದೆ."

ದುರ್ಗಮ್ಮ ಕೈಯಲ್ಲಿದ್ದ ಬೀಜವನ್ನು ಹಾಗೇ ಹಿಡಿದುಕೊಂಡು ಒಂದು ಉಸಿರು ಬಿಟ್ಟರು. ಎಷ್ಟೋ ದಿನದಿಂದ ಒಟ್ಟು ಹಾಡನ್ನು ತಲೆಯ ಮೇಲೆ ಹೊತ್ತುಕೊಂಡಿದ್ದವರು ಅದನ್ನು ಒಂದೊಂದೇ ಚೌಕಕ್ಕೆ ಇಳಿಸಿದಂತಿತ್ತು.

ಅಷ್ಟರಲ್ಲಿ ಗುತ್ಯಪ್ಪ ಪೇಟೆಯಿಂದ ಬಂದ. "ಅವ್ವಾ, ನನ್ನ ಕನ್ನಡಕದ ಡಬ್ಬಿ... ಅಯ್ಯ, ಇಲ್ಲೈತಲ್ಲ!"

"ಮುಟ್ಬೇಡ ಮಾರಾಯ! ಅಲ್ಲಿ ಕೂತಿರದು ನೀನೇ!" ಎಂದರು ದುರ್ಗಮ್ಮ.

"ನಾನಾ?"

"ಅಲ್ಲ, ನೀನು ಟವೆಲ್ಲು. ಅದು ಅವರ ಮಾವ. ಸುಮ್ನೆ ಆಚೆ ಕೂತ್ಕ."

ಗುತ್ಯಪ್ಪ ಟವೆಲ್ಲನ್ನೂ ಡಬ್ಬಿಯನ್ನೂ ನೋಡಿ, ಏನೂ ತಿಳಿಯದೆ, ಕನ್ನಡಕವನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತ. ತಾಯಿಯ ಕೈಗೆ ನಿಲುಕದ ಚೌಕಗಳಿಗೆ ಬೀಜ ಸರಿಸಿ ಕೊಡುವ ಕೆಲಸವನ್ನು ತಾನೇ ವಹಿಸಿಕೊಂಡ. ಯಾಕೆಂದು ಕೇಳಲಿಲ್ಲ.

ಕೊನೆಯ ಮೂಲೆಯ ಚೌಕದಲ್ಲಿ ಅಕ್ಕಿಗೆ ಅಕ್ಕಿ ಎದುರಾಯಿತು. ದುರ್ಗಮ್ಮ ಎಣಿಸಿ ಇಟ್ಟರು. ಏಳು ಬೀಜ.

"ಏಳೇ ಸಾಕಾ?" ಎಂದರು, ನಂಬದವರಂತೆ. ಒಂದು ಸೊಲ್ಲಿಗೆ ಆರು ನಿಮಿಷ ಹಿಡಿದರೂ ಪುರೋಹಿತರ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತಿತ್ತು. ಎಂಟಾಗಿದ್ದರೆ ಮುಗಿಯುತ್ತಿರಲಿಲ್ಲ.

"ಏಳು ಅಂತ ಗೊತ್ತಾಯ್ತು. ಯಾವ ಏಳು ಅನ್ನದು ಈಗ ಬಂದ ದಾರಿಲೇ ವಾಪಸು ಹೋದ್ರೆ ಸಿಗ್ತದೆ."

ಮಾಲಾ ಮೂಲೆಯಿಂದ ಹಿಂದಕ್ಕೆ ಹೊರಟಳು. ಸೊಲ್ಲು ಒಂದೇ ಆಗಿದ್ದಲ್ಲಿ ಓರೆಗೆ, ಇಲ್ಲದಲ್ಲಿ ಕಮ್ಮಿ ಬೀಜದ ಕಡೆಗೆ. ದಾರಿಯಲ್ಲಿ ಸಿಕ್ಕಿದ ವಸ್ತುವನ್ನೆಲ್ಲ ಎತ್ತಿ, ಕೊನೆಯದರಿಂದ ಮೊದಲಿನದರವರೆಗೆ, ಅಜ್ಜಿಯ ಮುಂದೆ ಸಾಲಾಗಿ ಇಡುತ್ತಾ ಬಂದಳು. ಅಕ್ಕಿ. ಅದರ ಹಿಂದೆ ಟವೆಲ್. ಬಳೆ. ಹೂವು. ಅರಿಶಿನ. ಅದರ ಹಿಂದೆ ಕನ್ನಡಕದ ಡಬ್ಬಿ. ಎಲ್ಲಕ್ಕೂ ಮುಂದೆ ನೀರಿನ ಲೋಟ.

ಸಾಲು ಪೂರ್ತಿಯಾದ ಮೇಲೆ ಮಾಲಾ ಅದನ್ನು ಇನ್ನೊಮ್ಮೆ ನೋಡಿದಳು. ಲೆಕ್ಕ ಸರಿ ಇತ್ತು. ಆದರೆ ಒಂದು ಸೊಲ್ಲು ಎರಡು ಸಲ ಬಂದೇ ಬಂದಿತ್ತು. ಬಳೆ ಎರಡು ಸಲ ಆಗದು ಎಂದವರು ಮಾವ ಎರಡು ಸಲ ಬಂದರೆ ಒಪ್ಪುತ್ತಾರೆಯೇ? ಅದನ್ನು ಹುಣಸೆ ಬೀಜ ಹೇಳಲಾರದು. ಅಜ್ಜಿಯೇ ಹೇಳಬೇಕು.

ದುರ್ಗಮ್ಮ ಲೋಟದಿಂದ ಅಕ್ಕಿಯವರೆಗೆ ಬೆರಳಾಡಿಸುತ್ತಾ ಬಾಯೊಳಗೇ ಗುನುಗಿದರು. ಡಬ್ಬಿಯ ಮೇಲೆ ಬೆರಳು ನಿಂತಿತು. ಮುಂದೆ ಹೋಗಿ ಟವೆಲ್ಲಿನ ಮೇಲೆ ನಿಂತಿತು. ಮತ್ತೆ ಡಬ್ಬಿಗೆ ಬಂತು.

"ಇದು ಅವರ ಮಾವ," ಎಂದರು.

"ಹೌದಜ್ಜಿ."

"ಇದು ನಮ್ಮವನು."

"ಹೌದು."

"ಮತ್ತೆ ಸರೀನೇ ಆಯ್ತಲ್ಲೇ! ಒಂದೇ ಮಂಟಪ, ಎರಡು ಮನೆ. ಮಾವನೂ ಇಬ್ರು ತಾನೇ? ಮೊದ್ಲು ಗಂಡಿನ ಮಾವ ಬಂದು ಇಬ್ರನ್ನೂ ಕೂರಿಸ್ತಾನೆ. ಅರಿಶಿನ, ಹೂವು, ಬಳೆ ಎಲ್ಲ ಆದ್ಮೇಲೆ ನಮ್ಮ ಗುತ್ಯಪ್ಪ ಬಂದು ಹಸೆಗೆ ಕರ್ಕಂಡು ಹೋಗ್ತಾನೆ. ಆ ಸೊಲ್ಲಲ್ಲಿ ಮಾವನ ಹೆಸ್ರು ಹೇಳ್ಬೇಕಲ್ಲ, ಒಂದ್ಸಲ ಅವರ ಹೆಸ್ರು, ಒಂದ್ಸಲ ಇವನ ಹೆಸ್ರು."

ಮೆಟ್ಟಿಲ ಮೇಲಿದ್ದ ಗುತ್ಯಪ್ಪ ತನ್ನ ಹೆಸರು ಕೇಳಿ ನೆಟ್ಟಗೆ ಕೂತ. ಮಾಲಾ ಅಜ್ಜಿಯ ಮೊಣಕಾಲಿಗೆ ಹಣೆ ಒತ್ತಿದಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. "ಬೀಜ ಚೆಲ್ತೀಯೇ ಹೆಣ್ಣೇ," ಎಂದು ಗದರುತ್ತಲೇ ದುರ್ಗಮ್ಮ ಅವಳ ತಲೆ ಸವರಿದರು.

"ಲೋಕಮ್ಮಂಗೆ ಫೋನ್ ಹಚ್ಚು."

ಫೋನ್ ಎತ್ತಿದ ಲೋಕಮ್ಮ ಮೊದಲು ಗಾಬರಿಯಾದರು. "ಯಾರ್ರೀ? ದುರ್ಗಮ್ನೋರಾ? ಏನಾತ್ರೀ, ಎಲ್ಲ ಆರಾಮ ಅದೀರಲ್ಲ?"

"ಎಲ್ಲ ಆರಾಮ. ನಿಮ್ಮ ಗಂಟ್ಲು ಹೆಂಗಿದೆ?"

"ಗಂಟ್ಲು ಹೋದ್ರ ಹೋಗ್ಲಿ ಬಿಡ್ರಿ. ಅವತ್ತಿಂದ ನನಗ ಮನಸ್ಸಿಗೇ ಸಮಾಧಾನ ಇಲ್ಲ. ಮನಿಗೆ ಬಂದೋರ ಮುಂದ ನಾನು ದನಿ ಏರಿಸಬಾರ್ದಿತ್ತು. ನಮ್ಮ ಹೆಂಗಸ್ರಿಗೆಲ್ಲ ಹೇಳೀನಿ, ಮದುವ್ಯಾಗ ಅವರು ಎತ್ತಲಿ, ನಾವು ಸುಮ್ನ ಹಿಡಿಯಾಣ ಅಂತ."

ದುರ್ಗಮ್ಮ ಫೋನ್ ಹಿಡಿದುಕೊಂಡೇ ಸಾಲಿನತ್ತ ಬಾಗಿದರು. ಆಮೇಲೆ ಲೋಟದಿಂದ ಅಕ್ಕಿಯವರೆಗೆ ಒಂದೊಂದನ್ನೇ ಮುಟ್ಟಿ ಹೇಳುತ್ತಾ ಹೋದರು. ಅತ್ತ ಕಡೆಯಿಂದ ಒಂದೊಂದಕ್ಕೂ "ಹ್ಞೂಂರೀ" ಬರುತ್ತಿತ್ತು. ಟವೆಲ್ಲಿಗೆ ಬಂದಾಗ ಲೋಕಮ್ಮ ಅವರನ್ನು ತಡೆದರು. ಮಾಲಾ ಫೋನಿನ ಹತ್ತಿರಕ್ಕೆ ಸರಿದಳು.

"ಎರಡನೇ ಸಲ ನಿಮ್ಮ ಮಗನ ಹೆಸ್ರೇನ್ರೀ? ಹಿಡಿಯೋರಿಗೆ ಗೊತ್ತಿರ್ಬೇಕಲ್ಲ," ಎಂದರು ಲೋಕಮ್ಮ. "ಚಂದ ಐತ್ರೀ ಇದು. ಯಾರ್ರೀ ಹಿಂಗ ಕಟ್ಟಿದ್ದು?"

"ನಿಮ್ಮ ಮನೆಗೆ ಬರೋ ಸೊಸೆ. ಹುಣಸೆ ಬೀಜದಾಗೆ."

"ಹುಣಸೆ ಬೀಜದಾಗ! ಹಂಗಾರ ನಮ್ಮನ್ಯಾಗ ಒಂದು ಮರಾನೇ ಐತಿ, ಬಂದು ಏನೇನು ಕಟ್ಟಬೇಕೋ ಕಟ್ಟಲಿ."

ಮದುವೆಯ ಬೆಳಿಗ್ಗೆ ಮಂಟಪದಲ್ಲಿ ಗದ್ದಲವೋ ಗದ್ದಲ. ಮಾಲಾ ಮತ್ತು ಪ್ರದೀಪ ಅಕ್ಕಪಕ್ಕದ ಮಣೆಗಳ ಮುಂದೆ ನಿಂತಿದ್ದರು. ಎಡಕ್ಕೆ ಸೊರಬದ ಹೆಂಗಸರು, ಬಲಕ್ಕೆ ಶಿಕಾರಿಪುರದವರು. ದುರ್ಗಮ್ಮ ಸೆರಗು ಸರಿ ಮಾಡಿಕೊಂಡು ನೀರಿನ ಸೊಲ್ಲು ಎತ್ತಿದರು. ಎರಡೂ ಕಡೆಯವರು ಹಿಡಿದರು. ಅದು ಮುಗಿಯುತ್ತಲೇ ಅವರ ತುಟಿ ರೂಢಿಯಂತೆ ಅರಿಶಿನಕ್ಕೆ ತೆರೆದುಕೊಂಡದ್ದನ್ನು ಮಾಲಾ ಕಂಡಳು. ತುಟಿ ಮತ್ತೆ ಮುಚ್ಚಿತು. ಅವರು ಲೋಕಮ್ಮನ ಕಡೆ ತಲೆಯಾಡಿಸಿದರು. ಲೋಕಮ್ಮ ಮಾವನ ಸೊಲ್ಲು ಎತ್ತಿದರು. ಗಂಡಿನ ಮಾವ ಬಂದು ಇಬ್ಬರನ್ನೂ ಮಣೆಯ ಮೇಲೆ ಕೂರಿಸಿ, ತಲೆಯ ಮೇಲೆ ಕೈಯಿಟ್ಟ. ಅರಿಶಿನ ಒಟ್ಟಿಗೆ, ಹೂವು ಲೋಕಮ್ಮನದು, ಬಳೆ ಒಟ್ಟಿಗೆ.

ಬಳೆಯ ಸೊಲ್ಲು ಮುಗಿದಾಗ ಬಲಗಡೆಯ ಹೆಂಗಸೊಬ್ಬಳು ಮರೆತು ಹಸೆಯ ಸೊಲ್ಲಿಗೆ ಬಾಯಿ ಹಾಕಿದಳು. ಲೋಕಮ್ಮ ಹಿಂದೆ ತಿರುಗದೆಯೇ ಕೈ ಎತ್ತಿ ತಡೆದರು. ಎಲ್ಲರೂ ದುರ್ಗಮ್ಮನನ್ನು ನೋಡಿದರು.

ಅಲ್ಲಿ ದುರ್ಗಮ್ಮನಿಗೆ ದನಿ ಬರಲಿಲ್ಲ. ಎದುರಿಗೆ ಗುತ್ಯಪ್ಪ ಹೊಸ ಪಂಚೆಯುಟ್ಟು ನಿಂತಿದ್ದ. ಅವನ ಮುಂದೆ ಅರಿಶಿನ ಮೆತ್ತಿಕೊಂಡ ಮೊಮ್ಮಗಳು. ಹಾಡು ಮತ್ತೆ ನಡುವೆ ನಿಂತಿತು ಎಂದುಕೊಂಡಳು ಮಾಲಾ.

ಆಗ ಲೋಕಮ್ಮ ಬರೀ ರಾಗ ಹಿಡಿದರು. ಮಾತು ಗೊತ್ತಿತ್ತು, ಆದರೂ ಮಾತು ಹೇಳಲಿಲ್ಲ. ಒಡೆದ ದನಿಯಲ್ಲಿ ರಾಗವನ್ನಷ್ಟೇ ಮೆಲ್ಲಗೆ ಸುತ್ತಿಸುತ್ತಾ, ಅವಸರವಿಲ್ಲದೆ ಕಾದರು. ಅವರ ಹಿಂದಿನವರೂ ರಾಗವನ್ನೇ ಹಿಡಿದರು. ಅದು ಮೂರನೆಯ ಸುತ್ತಿಗೆ ಬರುವ ಹೊತ್ತಿಗೆ ದುರ್ಗಮ್ಮ ಕಣ್ಣೊರೆಸಿಕೊಂಡು, ಮಗನ ಹೆಸರು ಹಿಡಿದು, ಸೊಲ್ಲು ಎತ್ತಿದರು. ಎರಡೂ ಕಡೆಯ ದನಿ ಒಂದೇ ಸಲ ಮೇಲೆದ್ದಿತು. ಗುತ್ಯಪ್ಪ ಬಂದು ಮಾಲಾಳ ಕೈ ಹಿಡಿದು ಎಬ್ಬಿಸಿದ.

ಹಸೆಯ ಸೊಲ್ಲು ಮುಗಿದಾಗ ಪುರೋಹಿತರು ಗಡಿಯಾರ ನೋಡಿ, "ಇನ್ನೂ ಹೊತ್ತಿದೆಯಲ್ಲ! ಕಾಫಿ ಕುಡ್ಕಂಡು ಬರ್ತೀನಿ," ಎಂದು ಕೆಳಗಿಳಿದರು. ಮಾಲಾಳ ಕಣ್ಣಿಂದ ನೀರು ಇಳಿಯುತ್ತಿತ್ತು. ಕೈತುಂಬ ಅರಿಶಿನವಿದ್ದದ್ದರಿಂದ ಒರೆಸಿಕೊಳ್ಳುವ ಹಾಗಿರಲಿಲ್ಲ. ಲೋಕಮ್ಮ ಹತ್ತಿರ ಬಂದು ತಮ್ಮ ಸೆರಗಿನ ತುದಿಯಿಂದ, ಅರಿಶಿನ ಕಣ್ಣಿಗೆ ಹೋಗದಂತೆ, ಒತ್ತಿ ಒತ್ತಿ ಒರೆಸಿದರು. ಅತ್ತ ದುರ್ಗಮ್ಮ ಆಗಲೇ ಶಿಕಾರಿಪುರದ ಹೆಂಗಸರ ನಡುವೆ ಹೋಗಿ ಕೂತು, "ಆ ಹೂವಿನ ಸೊಲ್ಲು ನಮ್ಮ ಕಡೆ ಇಲ್ಲ, ಇನ್ನೊಂದ್ಸಲ ಹೇಳಿ ನೋಡನ," ಎನ್ನುತ್ತಿದ್ದರು.